ಮನೆ ದೋಣಿಯಲ್ಲಿ ಪುದಿಯಾಪ್ಳ

"ಇದೊಂದೇ, ಇನ್ನು ಹಾಕಲ್ಲ," ಅಂತ ಹೇಳಿ ಅತ್ತೆ ಕದೀಶುಮ್ಮ ಶಮೀಲನ ತಟ್ಟೆಗೆ ಮತ್ತೆರಡು ತೆಳು ಅಕ್ಕಿ ಪತ್ತಿರಿ ಬಿಟ್ಟರು, ಅದರ ಮೇಲೆ ಕೋಳಿ ಸಾರು ಸುರಿದರು, ಸಾಲದು ಅಂತ ಬದಿಗೆ ಒಂದು ಹುರಿದ ಮೀನನ್ನೂ ಇಟ್ಟರು. ಶಮೀಲ್ ನೀರಿಗೆ ಅಂತ ಕೈ ಚಾಚಿದ್ದೇ ತಡ, ಅತ್ತೆಯ ಕೈ, ಚಿಕ್ಕತ್ತೆಯ ಕೈ, ಹೆಂಡತಿ ರೈಹಾಳ ಕೈ, ಮೂರೂ ಒಟ್ಟಿಗೆ ಲೋಟಕ್ಕೆ ಬಂದು ಡಿಕ್ಕಿ ಹೊಡೆದವು. ಪುದಿಯಾಪ್ಳ ತಾನಾಗಿ ನೀರು ತಗೊಂಡು ಕುಡಿಯುವುದೆಂದರೇನು! ಮನೆ ಮರ್ಯಾದೆ ಏನಾಗಬೇಕು!

ಶಮೀಲ್ ಮದುವೆಯಾಗಿ ಕುಟ್ಟಿಚ್ಚಿರದ ಪಾಂಡಿಕಶಾಲೆ ಮನೆಗೆ ಬಂದು ಆರು ತಿಂಗಳಾಗಿತ್ತು. ಕಲ್ಲಿಕೋಟೆಯ ಈ ಓಣಿಗಳಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ, ಗಂಡಂದಿರೇ ಸಂಜೆ ಹೊತ್ತಿಗೆ ಬಂದು ಸೇರಿಕೊಳ್ಳುತ್ತಾರೆ. ಹಾಗೆ ಬಂದವನು ಕೂದಲು ಹಣ್ಣಾದರೂ ಹೊಸ ಮದುಮಗನೇ, ಪುದಿಯಾಪ್ಳನೇ. ಬೇಕಾದರೆ ಪಕ್ಕದಲ್ಲಿ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದ ಆಲಿಕೋಯಾರನ್ನು ನೋಡಿ. ಕದೀಶುಮ್ಮನ ತಂಗಿಯ ಗಂಡ, ಮೊಮ್ಮಕ್ಕಳನ್ನು ಕಂಡ ಮನುಷ್ಯ, ಈ ಮನೆಯಲ್ಲಿ ಇವತ್ತಿಗೂ ಅವರ ಹೆಸರು ಪುದಿಯಾಪ್ಳ.

ಇಷ್ಟು ಸುಖ ಯಾರಿಗುಂಟು ಅಂತ ಊರಿನ ಗೆಳೆಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆದರೆ ಶಮೀಲನಿಗೆ ಒಳಗೊಳಗೇ ಮುಜುಗರ. ಅವನು ಬಂದ ಕೂಡಲೇ ಮನೆಯಲ್ಲಿ ನಗು ನಿಲ್ಲುತ್ತಿತ್ತು, ಒಳ್ಳೇ ಹಾಸು ಬೀಳುತ್ತಿತ್ತು, ಜಗಳವಾಡುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು. ಆರು ತಿಂಗಳಿಂದ ಅವನು ಈ ಮನೆಯ ನೆಂಟನಾಗಿಯೇ ಇದ್ದ. ಮನೆಯವನಾಗುವುದು ಹೇಗೆ ಅಂತ ಮಾತ್ರ ಗೊತ್ತಾಗಿರಲಿಲ್ಲ.

ಆ ರಾತ್ರಿ ಊಟದ ನಡುವೆ ಅವನಿಗೊಂದು ದಾರಿ ಕಂಡಿತು. ಭಾನುವಾರ ಬೇಪೂರಿನ ಜಲೋತ್ಸವದಲ್ಲಿ ಮನೆಮನೆಗಳ ದೋಣಿ ಪಂದ್ಯ. ಪಾಂಡಿಕಶಾಲೆ ಮನೆಯ ದೋಣಿಯಲ್ಲಿ ಹುಟ್ಟು ಹಾಕಬೇಕಿದ್ದ ರೈಹಾಳ ಚಿಕ್ಕಮ್ಮನ ಮಗ ಹಾಶಿಂಗೆ ಅವತ್ತೇ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತ್ತು.

"ಒಬ್ಬ ಕಮ್ಮಿ ಆದ," ಅಂತ ರೈಹಾಳ ಅಣ್ಣ ನಿಷಾದ್ ತಲೆ ಕೆರೆದುಕೊಂಡ. ದೋಣಿಯ ಚುಕ್ಕಾಣಿ ಅವನದು. "ಎಲ್ಲಿಂದ ತರೋದು ಈಗ?"

"ನಾನು ಬರ್ತೀನಿ ಭಾವ," ಅಂದ ಶಮೀಲ್.

ಇಡೀ ಮನೆ ಗೊಳ್ಳೆಂದು ನಕ್ಕಿತು. ಕದೀಶುಮ್ಮ ಮಾತ್ರ ನಗಲಿಲ್ಲ.

"ಪುದಿಯಾಪ್ಳನ ಕೈಲಿ ಹುಟ್ಟು ಹಾಕ್ಸಿದ್ರು ಅಂತ ಓಣಿಯೆಲ್ಲ ಆಡ್ಕೊಳ್ಳೋಕಾ? ಬೇಡಪ್ಪ ಬೇಡ. ನೀವು ನೆರಳಲ್ಲಿ ಕೂತು ನೋಡಿ."

"ಅಲ್ಲ ಉಮ್ಮ, ನಂಗೆ ಹುಟ್ಟು ಹಾಕೋದು ಗೊತ್ತು. ನಮ್ಮೂರಲ್ಲಿ ಮಾವ ಹೊಳೆ ದಾಟಿಸೋ ದೋಣೀಲಿ..."

"ಗೊತ್ತಿರ್ಬೋದು. ಆದ್ರೆ ಗಂಡಸರು ಅವರವರ ಹೆತ್ತ ಉಮ್ಮನ ಮನೆ ದೋಣಿ ಹತ್ತೋದು, ಹೆಂಡ್ತಿ ಮನೇದಲ್ಲ. ಇಲ್ನೋಡಿ, ನಿಮ್ಮ ಕೋಯಾ ಮಾವ ಇಲ್ಲಿ ನಮ್ಮ ಮೀನು ತಿಂತಾರೆ, ಭಾನುವಾರ ಅಲ್ಲಿ ನಮ್ಮ ಎದುರು ದೋಣೀಲಿ ಕೂರ್ತಾರೆ."

"ತಿಂದ ಋಣಕ್ಕೆ ಸ್ವಲ್ಪ ಕಮ್ಮಿ ಅಂತರದಲ್ಲಿ ಸೋಲಿಸ್ತೀನಿ ಬಿಡಿ," ಅಂದರು ಆಲಿಕೋಯ.

ಅವರ ಹೆಂಡತಿ ಸೌಟು ಎತ್ತಿದರು. "ನಮ್ಮ ಮನೇನ ಸೋಲಿಸಿ ಇಲ್ಲಿಗೇ ಮಲಗೋಕೆ ಬರ್ತೀರಲ್ಲ, ಬನ್ನಿ, ಬಾಗಿಲು ತೆಗೀತೀನಿ!"

ಎಲ್ಲರೂ ಮತ್ತೆ ನಕ್ಕರು. ಶಮೀಲನೂ ನಕ್ಕ, ಆದರೆ ಉಳಿದ ಪತ್ತಿರಿಯನ್ನು ತಟ್ಟೆಯ ಬದಿಗೆ ಸರಿಸಿದ. ಅವನ ಉಮ್ಮನ ಮನೆ ಚಾಲಿಯಾರ್ ಹೊಳೆಯ ಮೇಲ್ಭಾಗದಲ್ಲಿ, ಅರೀಕ್ಕೋಡಿನಲ್ಲಿ. ಆ ಮನೆಗೆ ಬೇಪೂರಿನ ಪಂದ್ಯದಲ್ಲಿ ದೋಣಿ ಎಲ್ಲಿಂದ ಬರಬೇಕು?

ಶನಿವಾರ ಉತ್ಸವ ನೋಡಲು ಆ ಉಮ್ಮನೇ ಬಸ್ಸಿಳಿದಳು. ಹೆಸರು ಇಯ್ಯಾತು. ಕಂಕುಳಲ್ಲಿ ಒಂದು ಹಲಸಿನಕಾಯಿ, ಬಾಯಲ್ಲಿ ಎಲೆಯಡಿಕೆ. ಪಾಂಡಿಕಶಾಲೆ ಮನೆ ಅವಳ ಮೇಲೆ ಉಪಚಾರದ ಮಳೆ ಸುರಿಸಿತು. ಮೊಟ್ಟೆಯ ಸಿಹಿ ಎಳೆಗಳ ಮೊಟ್ಟೆಮಾಲೆ, ಬಾಳೆಹಣ್ಣಿನ ಉನ್ನಕಾಯ, ಅಕ್ಕಿಹಿಟ್ಟು ತುಂಬಿದ ಕಲ್ಲುಮಾಯಿ ಚಿಪ್ಪು, ಮೂರು ಬಗೆ ಹಲ್ವ. "ಸಾಕು" ಅನ್ನಲು ಬಾಯಿ ತೆರೆದಾಗಲೆಲ್ಲ ಬಾಯಿಗೊಂದು ತುಂಡು ಬರುತ್ತಿತ್ತು.

ಸಂಜೆ ಮಗ ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋದ. ಉಪ್ಪುನೀರಲ್ಲಿ ನೆನೆಸಿದ ಅನಾನಸಿಗೆ ಮೆಣಸಿನಪುಡಿ ಹಚ್ಚಿಸಿಕೊಂಡು ತಿಂದಳು, ಹಳೇ ದೀಪಸ್ತಂಭ ನೋಡಿದಳು, ಕುದುರೆ ಮೇಲೆ ಕೂತು ಕಿರುಚುತ್ತಿದ್ದ ಹುಡುಗಿಯರನ್ನು ನೋಡಿ ತಾನೂ ಕಿರುಚಿದಳು. ಆದರೆ ಅವಳಿಗೆ ನಿಜಕ್ಕೂ ನೋಡಬೇಕಿದ್ದದ್ದು ಬೇರೆ.

"ನಮ್ಮ ಹೊಳೆ ಎಲ್ಲಿಗೆ ಬಂದು ಮುಟ್ಟುತ್ತೋ ಮೋನೇ? ಹುಟ್ಟಿದಾಗಿಂದ ಬಟ್ಟೆ ಒಗೆದು ಕೊಳೆಯೆಲ್ಲ ಕೆಳಗೆ ಕಳಿಸಿದ್ದೀನಿ. ಹೋಗಿ ಎಲ್ಲಿ ಸೇರ್ತು ಅಂತ ನೋಡ್ಬೇಕು."

"ನಾಳೆ ತೋರಿಸ್ತೀನಿ ಉಮ್ಮ. ಪಂದ್ಯ ನಡಿಯೋದೇ ಅಲ್ಲಿ."

"ನೀನೂ ಇದೀಯಾ ಪಂದ್ಯದಲ್ಲಿ?"

ಶಮೀಲ್ ಕಡಲ ಕಡೆ ನೋಡಿದ. "ಇಲ್ಲ."

ಯಾಕೆ ಅಂತ ಅವಳು ಕೇಳಲಿಲ್ಲ. ಮಗನ ಮುಖ ಮಾತ್ರ ಒಮ್ಮೆ ಚೆನ್ನಾಗಿ ನೋಡಿದಳು.

ಭಾನುವಾರ ಬೇಪೂರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಉರು ಹಡಗು ಕಟ್ಟುವ ಅಂಗಳದ ಮೇಲೆಲ್ಲ ಗಾಳಿಪಟಗಳು, ಒಂದು ತಿಮಿಂಗಿಲದ ಪಟವಂತೂ ಮನೆಯಷ್ಟು ದೊಡ್ಡದು. ನೌಕಾಪಡೆಯ ಹಡಗು ಹತ್ತಿ ನೋಡಲು ಉದ್ದನೆಯ ಸಾಲು. ಕಡಲೊಳಗೆ ಚಾಚಿದ ಕಲ್ಲಿನ ತಡೆಗೋಡೆಯ ಮೇಲೆ ಜನವೋ ಜನ. ಚಾಲಿಯಾರ್ ಹೊಳೆ ಅಗಲವಾಗಿ ಹರಡಿ, ಅವಸರವೇ ಇಲ್ಲದೆ, ಕಡಲಿಗೆ ಸೇರುತ್ತಿತ್ತು. ಇಯ್ಯಾತು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು.

"ಇಷ್ಟು ದೊಡ್ಡದಾಗುತ್ತಾ ಇದು! ನಮ್ಮೂರಲ್ಲಿ ಏನೂ ಗೊತ್ತಿಲ್ಲದ ಹಾಗೆ ಹರೀತಿರುತ್ತೆ ನೋಡು."

ತಿರುಗಿ ನೋಡಿದರೆ ಮಗ ಬಾದಾಮಿ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಶರಬತ್ತು, ಪಕ್ಕದಲ್ಲಿ ಬೀಸಣಿಗೆ ಹಿಡಿದ ನಾದಿನಿ.

"ಏನೋ ಇದು? ಜ್ವರಾನಾ ನಿಂಗೆ?"

"ಜ್ವರ ಯಾಕೆ," ಅಂದರು ಕದೀಶುಮ್ಮ, "ಅವರು ನಮ್ಮ ಪುದಿಯಾಪ್ಳ ಅಲ್ವಾ!"

ಕೆಳಗೆ ನೀರಿನಲ್ಲಿ ಪಾಂಡಿಕಶಾಲೆ ಮನೆಯ ದೋಣಿ ತೂಗುತ್ತಿತ್ತು. ಹಾಶಿಂನ ಜಾಗ ಇನ್ನೂ ಖಾಲಿ. ನಿಷಾದ್ ತಮ್ಮ ಮನೆತನದ ಹುಡುಗನೊಬ್ಬನ ಕೈಕಾಲು ಹಿಡಿಯುತ್ತಿದ್ದ, ಆ ಹುಡುಗನೋ ಈಜು ಬರಲ್ಲ ಅಂತ ಹಿಂದೆ ಹಿಂದೆ ಸರಿಯುತ್ತಿದ್ದ. ಆಚೆ ದೋಣಿಯಿಂದ ಆಲಿಕೋಯ ಕೂಗಿದರು, "ಜನ ಸಿಗದಿದ್ರೆ ಒಂದು ಅಕ್ಕಿಮೂಟೆ ಕೂರಿಸ್ಕೊಳ್ರೋ!"

ಇಯ್ಯಾತು ಎಲ್ಲವನ್ನೂ ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು ಬೀಗಿತ್ತಿಯ ಹತ್ತಿರ ಬಂದಳು.

"ಕದೀಶೂ, ಗಂಡಸು ಅವನ ಉಮ್ಮನ ಮನೆ ದೋಣೀಲೇ ಕೂರ್ಬೇಕಂತೆ. ಹೌದಾ? ರೈಹಾ ಹೇಳಿದ್ಲು."

"ಅದು ನಮ್ಮಲ್ಲಿ ಮೊದ್ಲಿಂದ ಬಂದ ಪದ್ಧತಿ."

"ಇರ್ಲಿ. ಅವನ ಉಮ್ಮ ನಾನು ಇಲ್ಲೇ ಇದೀನಿ. ದೋಣಿ ಒಂದಿಲ್ಲ ನೋಡು. ನಿನ್ನೆಯಿಂದ ನಾನು ಕೇಳದೇ ಇರೋದನ್ನೆಲ್ಲ ಕೊಟ್ಟೆ, ಹೊಟ್ಟೆ ಒಡೆಯೋವಷ್ಟು ಕೊಟ್ಟೆ. ಈಗ ಬಾಯಿಬಿಟ್ಟು ಒಂದು ಕೇಳ್ತೀನಿ. ನಿನ್ನ ದೋಣೀಲಿ ಒಂದು ಜಾಗ ಕೊಡು. ನನ್ನ ಮಗ ಅಲ್ಲಿ ಕೂರ್ಲಿ."

ಕದೀಶುಮ್ಮ ಲೆಕ್ಕ ಹಾಕಿದರು. ಪುದಿಯಾಪ್ಳನನ್ನು ದುಡಿಸಿದರೆ ಊರು ನಗುತ್ತದೆ, ಅದು ಸರಿ. ಆದರೆ ಮನೆಗೆ ಬಂದ ನೆಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅಂದರೆ? ಪಾಂಡಿಕಶಾಲೆ ಮನೆಯಲ್ಲಿ ಅಂಥದ್ದು ಯಾವತ್ತೂ ನಡೆದಿರಲಿಲ್ಲ. ಅವರು ತಂಗಿಯ ಮುಖ ನೋಡಿದರು, ತಂಗಿ ಗಾಳಿಪಟ ನೋಡಿದಳು. ರೈಹಾ ಆಗಲೇ ಗಂಡನ ಕೈಯಿಂದ ಶರಬತ್ತಿನ ಲೋಟ ತೆಗೆದುಕೊಂಡಿದ್ದಳು.

"ನೆಂಟರು ಕೇಳಿದ್ಮೇಲೆ..." ಅಂದರು ಕದೀಶುಮ್ಮ ಕೊನೆಗೆ. "ಹೋಗ್ಲಿ. ಆದ್ರೆ ಆ ಅಂಗಿ ಕೊಳೆ ಮಾಡ್ಕೋಬೇಡಿ."

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಂಗಿ ರೈಹಾಳ ಕೈಯಲ್ಲಿತ್ತು, ಶಮೀಲ್ ಮೊಣಕಾಲುದ್ದ ಕೆಸರಿನಲ್ಲಿದ್ದ.

ಸೀಟಿ ಮೊಳಗಿತು. ದೋಣಿಗಳು ಹಾರಿದವು. ಮೊದಲಿಗೆ ಎಲ್ಲ ಎಡವಟ್ಟು. ಮೇಲ್ಭಾಗದ ಹೊಳೆಯಲ್ಲಿ ಕಲಿತ ಶಮೀಲನದು ನಿಧಾನದ ಉದ್ದನೆ ಎಳೆತ, ಇವರದು ಚಿಕ್ಕದು, ಚುರುಕು. ಅವನ ಹುಟ್ಟು ಮುಂದಿನವನ ಹುಟ್ಟಿಗೆ ಟಕಟಕ ಬಡಿಯಿತು. ಸಾಲದ್ದಕ್ಕೆ ಭರತ ಬಂದು ಕಡಲು ಉಬ್ಬಿ ಒಳಗೆ ನುಗ್ಗುತ್ತಿತ್ತು. ಅವನ ಹೊಳೆಯೇ ಹಿಂದಕ್ಕೆ ಹರಿಯುತ್ತಿತ್ತು! ಅಂಥದ್ದನ್ನು ಅವನು ಕಂಡೇ ಇರಲಿಲ್ಲ.

"ಲೇ ಶಮೀಲೇ, ಪಾಯಸ ತಿರುವ್ತಿದ್ದೀಯೇನೋ! ನಮ್ಮ ಜೊತೆ ಎಳಿ!" ನಿಷಾದ್ ಅರಚಿದ.

ಲೇ ಶಮೀಲೇ! ಆರು ತಿಂಗಳಲ್ಲಿ ಮೊದಲ ಸಲ ಭಾವ ಹಾಗೆ ಕರೆದಿದ್ದ. ಶಮೀಲ್ ಮುಂದಿನವನ ಬೆನ್ನನ್ನೇ ನೋಡುತ್ತ, ಅದು ಬಾಗಿದಾಗ ಬಾಗಿದ, ಎದ್ದಾಗ ಎದ್ದ. ಒಂದು ಹೊತ್ತಿಗೆ ಟಕಟಕ ನಿಂತಿತು. ದೋಣಿ ನೀರಿನ ಮೇಲೆ ಎದ್ದು ಓಡಿತು. ಒಂದನ್ನು ದಾಟಿತು, ಇನ್ನೊಂದನ್ನು ದಾಟಿತು. ಉಳಿದದ್ದು ಆಲಿಕೋಯಾರದ್ದು.

"ಪುದಿಯಾಪ್ಳೇ, ತಿಂದ ಪತ್ತಿರಿಯೆಲ್ಲ ಎಲ್ಲೋಯ್ತು?" ಅವರು ಏದುಸಿರಿನಲ್ಲೂ ಬಿಡಲಿಲ್ಲ.

"ನೀವು ತಿಂದಿದ್ದು ಜಾಸ್ತಿ ಕೋಯಾ ಮಾವ!"

ದಂಡೆಯಲ್ಲಿ ಅವರ ಹೆಂಡತಿ ಗಂಡನ ದೋಣಿ ಮುಳುಗಲಿ ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಆ ದೋಣಿ ಮುಳುಗಲಿಲ್ಲ. ಒಂದು ಮೊಳದ ಅಂತರದಲ್ಲಿ ಗೆದ್ದುಬಿಟ್ಟಿತು.

ಶಮೀಲ್ ದಂಡೆಗೆ ಬಂದಾಗ ಅಂಗೈಯೆಲ್ಲ ಬೊಬ್ಬೆ, ಮೈಯೆಲ್ಲ ಉಪ್ಪು. ಪಾಂಡಿಕಶಾಲೆ ಮನೆಯ ಹೆಂಗಸರು ಸಾಲಾಗಿ ನಿಂತಿದ್ದರು, ಮುಂದೆ ಕದೀಶುಮ್ಮ. ಅವನು ಹೆಜ್ಜೆ ನಿಧಾನ ಮಾಡಿದ. ಸೋತದ್ದಕ್ಕಲ್ಲ. ಇನ್ನೇನು ಟವೆಲು ಬರುತ್ತದೆ, ಕುರ್ಚಿ ಬರುತ್ತದೆ, ಶರಬತ್ತು ಬರುತ್ತದೆ, ಮತ್ತೆ ಅದೇ ಮದುಮಗ.

ಅವನು ಮನೆಯ ವ್ಯಾನಿಗೆ ಕಾಲಿಟ್ಟ.

"ಏಯ್! ಆ ಕೆಸರು ಕಾಲಲ್ಲಿ ವ್ಯಾನ್ ಹತ್ತಬೇಡ!" ಕದೀಶುಮ್ಮನ ಗಂಟಲು ತಡೆಗೋಡೆಯ ತುದಿಗೂ ಕೇಳಿಸಿತು. "ನಿನ್ನೆ ತಾನೆ ತೊಳೆಸಿದ್ದು! ದೋಣಿ ತಿರುಗೋ ಜಾಗದಲ್ಲಿ ಕತ್ತೆತ್ತಿ ಏನೋ ನೋಡ್ತಿದ್ದೆ, ಹಕ್ಕಿ ಎಣಿಸ್ತಿದ್ಯಾ? ಅಲ್ಲೇ ಹೋಯ್ತು ಆ ಮೊಳ! ಹೋಗು, ಕಾಲು ತೊಳ್ಕೊಂಡು ಬಾ. ಬರ್ತಾ ಆ ಬಿರಿಯಾನಿ ಹಂಡೆ ಎತ್ಕೊಂಡು ಬಾ, ನಾವೇ ಹೊರ್ಬೇಕಾ?"

ರೈಹಾ ಬಾಯಿಗೆ ಕೈ ಅಡ್ಡ ಹಿಡಿದಳು. ಇಯ್ಯಾತು ಹೊಸ ಎಲೆಗೆ ಸುಣ್ಣ ಹಚ್ಚುತ್ತ ಏನೂ ಕೇಳದವಳಂತೆ ಹೊಳೆ ನೋಡುತ್ತಿದ್ದಳು.

ಶಮೀಲ್ ಕಿವಿಯಿಂದ ಕಿವಿಗೆ ಹಲ್ಲು ಕಿರಿಯುತ್ತ ಕಾಲು ತೊಳೆದ. ಹಂಡೆಯ ಒಂದು ಕಿವಿ ಹಿಡಿದು ಎತ್ತಿದ, ಬೊಬ್ಬೆ ಉರಿಯಿತು, ಬಿಡಲಿಲ್ಲ. ಗೆದ್ದ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಆಲಿಕೋಯ ಹತ್ತಿರ ಬಂದರು. ಅವರ ಮುಖ ಸೋತವರ ಮುಖದ ಹಾಗಿತ್ತು.

"ಎಷ್ಟು ವರ್ಷ ಆಯ್ತು ಶಮೀಲೇ ನಾನೀ ಮನೆಗೆ ಬಂದು," ಅಂದರು ಮೆಲ್ಲಗೆ. "ಒಂದು ಸಲಾನೂ ನನ್ನ ಬೈದಿಲ್ಲ ಕಣೋ."

"ಏನ್ರೀ ಪುದಿಯಾಪ್ಳೇ," ವ್ಯಾನಿನೊಳಗಿಂದ ಕದೀಶುಮ್ಮನ ದನಿ ಬಂತು, "ಹುಡುಗ ಒಬ್ಬನೇ ಒದ್ದಾಡ್ತಿದಾನೆ, ನಿಂತು ನೋಡ್ತೀರಲ್ಲ! ಆ ಕಪ್ ಯಾರಿಗಾದ್ರೂ ಕೊಟ್ಟು ಇನ್ನೊಂದು ಕಿವಿ ಹಿಡೀರಿ!"

ಆಲಿಕೋಯ ಕಪ್ಪನ್ನು ಇಯ್ಯಾತುವಿನ ಮಡಿಲಿಗೆ ಹಾಕಿ, ಹುಡುಗನ ಹಾಗೆ ಓಡಿಬಂದು ಹಂಡೆಗೆ ಕೈ ಹಾಕಿದರು.