ಶೇವಂತಾಬಾಯಿಯ ದನಿಗೆ ಬಿದ್ದ ಕೀಲಿ

ಬರದ ಎರಡನೇ ವರ್ಷ, ಇಲ್ಲದ ನೀರನ್ನು ಉಳಿಸುವುದು ಹೇಗೆಂದು ಊರೂರು ತಿರುಗಿ ಹಾಡುವ ತಂಡ ಕಟ್ಟಲು ಸರ್ಕಾರ ಹೊರಟಿತು. ಸಂತಪುರದ ಶೇವಂತಾಬಾಯಿ ಅರ್ಜಿ ಹಾಕಿದಳು. ಆಯ್ಕೆಯಾದರೆ ಆರು ತಿಂಗಳ ಕೆಲಸ. ಇಲ್ಲವಾದರೆ ಗುರುವಾರ ಹೈದರಾಬಾದಿನ ಇಟ್ಟಂಗಿ ಭಟ್ಟಿಗೆ ಹೋಗುವ ಲಾರಿ. ಮಗಳು ಮೀರಾಬಾಯಿಯ ಹತ್ತನೇ ಕ್ಲಾಸೂ ಅದೇ ಲಾರಿಯ ಪಾಲು.

ಬೀದರಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡುವ ಪಂಢರಿ ಅವಳ ಸೀಡಿಯನ್ನು ಯಂತ್ರಕ್ಕೆ ಹಾಕಿದ. ಭಾಲ್ಕಿಯ ಸ್ಟುಡಿಯೊದಲ್ಲಿ ಅವಳೇ ಹಾಡಿ ತುಂಬಿಸಿದ ಬೀಸುಕಲ್ಲಿನ ಪದಗಳು. ಯಂತ್ರ ಗೊರ್ ಎಂದು ಸುಮ್ಮನಾಯಿತು.

“ಕೋಡೆಕ್ ಇಲ್ಲ,” ಎಂದ ಪಂಢರಿ.

“ಕೊಡ್ಲಕ್ ಇಲ್ಲಾ?” ಶೇವಂತಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿದಳು. “ಕೇಳೂಕಿಂತ ಮೊದ್ಲೇ ಕೊಡ್ಲಕ್ ಇಲ್ಲಂದ್ರ ಹ್ಯಾಂಗ್ರಿ? ಮತ್ತ ಕರದದ್ದರ ಯಾಕ?”

ಪಂಢರಿ ಬಿಡಿಸಿ ಹೇಳಿದ. ಕೋಡೆಕ್ ಎಂದರೆ ಸೀಡಿಯೊಳಗೆ ಮಡಚಿಟ್ಟ ದನಿಯನ್ನು ಬಿಚ್ಚುವ ವಿದ್ಯೆ. ಕಚೇರಿಯ ಕಂಪ್ಯೂಟರಿನದು ಮುಕ್ತ ವ್ಯವಸ್ಥೆ, ಯಾರು ಬೇಕಾದರೂ ಇಣುಕಬಹುದು, ತಿದ್ದಬಹುದು, ಹಂಚಬಹುದು. ಆದರೆ ಬಿಚ್ಚುವ ವಿದ್ಯೆಗೆ ಪರದೇಶದ ಕಂಪನಿಯ ಪೇಟೆಂಟು; ಅಪ್ಪಣೆಯಿಲ್ಲದೆ ಸರ್ಕಾರಿ ಯಂತ್ರಕ್ಕೆ ಹಾಕುವಂತಿಲ್ಲ. ಸಾಲದ್ದಕ್ಕೆ, ಯಾರೂ ನಕಲು ಮಾಡದಿರಲೆಂದು ಸ್ಟುಡಿಯೊದವನು ಬೇರೆ ಕೀಲಿ ಜಡಿದಿದ್ದ. ಮುರಿದರೆ ಜೈಲು. ಅವನನ್ನೇ ಕೇಳೋಣವೆಂದರೆ ಅವನೂ ಪುಣೆಗೆ ಗುಳೆ ಹೋಗಿದ್ದ.

“ದನಿ ನಂದು, ಕೀಲಿ ಮಂದೀದಾ? ಸರೀರಿ, ಇಲ್ಲೇ ಹಾಡ್ತೇನಿ.”

ಬಾಯಿಂದ ಹಾಡಿದ್ದನ್ನು ಕಡತಕ್ಕೆ ಹಚ್ಚಲು ಬರುವುದಿಲ್ಲ, ನಿಯಮದಲ್ಲಿ ಸೀಡಿ ಎಂದೇ ಇದೆ ಎಂದು ಆಯ್ಕೆಯ ಅಧಿಕಾರಿ ಗುರುನಾಥ ಸಾಹೇಬರು ತಡೆದರು. ಅಷ್ಟರಲ್ಲಿ ಅವಳು ಪದ ಎತ್ತಿಕೊಂಡಾಗಿತ್ತು. ಹೊರಗೆ ಸಾಲಿನಲ್ಲಿದ್ದವರೆಲ್ಲ ಒಳಗೆ ಬಂದರು. ಸಾಹೇಬರ ಬೆರಳುಗಳು ಮೇಜಿನ ಮೇಲೆ ತಾಳ ಹಾಕಿದವು. ಪದ ಮುಗಿಯಿತು. ಸಾಹೇಬರು ಬರೆದರು: ‘ಅಭ್ಯರ್ಥಿಯ ದನಿ ಕೇಳಿಸಲಿಲ್ಲ.’

ಊರಿನ ಓದುವ ಕೂಟದಲ್ಲಿ ಅಕ್ಷರ ಕಲಿತ ಶೇವಂತಾಬಾಯಿ ಅದನ್ನು ತಲೆಕೆಳಗಾಗಿಯೇ ಓದಿದಳು. ಪೆನ್ನು ಕಸಿದು ಕೆಳಗೆ ಬರೆದಳು: ‘ಸಾಹೇಬ್ರು ಕೇಳ್ಯಾರ. ತಾಳ ಹಾಕ್ಯಾರ.’

ಸಾಹೇಬರು ಹಾಳೆ ಎಳೆದುಕೊಂಡರು. ಹಾಳೆಗೆ ಆಗಲೇ ಪುಟಸಂಖ್ಯೆ ಬಿದ್ದಿತ್ತು. ಹರಿಯುವಂತಿಲ್ಲ, ಮೇಲಿನವರಿಗೆ ಕಳಿಸುವಂತೆಯೂ ಇಲ್ಲ. ಸರ್ಕಾರಿ ಕಡತದಲ್ಲಿ ಗೀಚಿದ್ದಕ್ಕೆ ವಿಚಾರಣೆಯಾಗುತ್ತದೆ, ಅದು ಮುಗಿಯುವ ತನಕ ಜಿಲ್ಲೆ ಬಿಡಬೇಡ ಎಂದು ಗದರಿದರು.

“ಬಿಡಂಗಿಲ್ರಿ. ಅಲ್ಲೀತನಕ ನಮ್ಮ ಹೊಟ್ಟಿ ಯಾರ ನೋಡ್ತಾರ?”

ಸಾಹೇಬರು ಕಡತ ನೋಡಿದರು. ಕಡತದಲ್ಲಿ ಹೊಟ್ಟೆಯ ಕಾಲಮ್ಮು ಇರಲಿಲ್ಲ.

“ಹಂಗಾರ ಕೆಲಸ ಕೊಡೂತನಕ ಇಲ್ಲೇ ಹಾಡ್ತೇನ್ರಿ,” ಎಂದವಳೇ ನೆಲಕ್ಕೆ ಕೂತು ಎರಡನೇ ಪದ ಎತ್ತಿದಳು. ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಲು ಸಾಹೇಬರು ಜವಾನ ಬಾಬುಮಿಯಾನಿಗೆ ಹೇಳಿದರು. ಬಾಬುಮಿಯಾ ಬಾಗಿಲಿಗೆ ಕೈ ಹಚ್ಚಿ, ಪದ ಮುಗಿಯಲೆಂದು ಕಾಯುತ್ತ ನಿಂತ.