ಒಂದೇ ಹಿಂಡಿನವು

ಆದೋನಿಯಲ್ಲಿ ಮದುವೆ ವಿಡಿಯೊ ತೆಗೆಯುವ ಶಿರೀಷಾ, ಅವನ್ನೆಲ್ಲ ಮನೆಯಲ್ಲೇ ಕೂಡಿಡಲು ಎರಡು ಡ್ರೈವ್ ಹಿಡಿಸುವ ನೆಟ್‌ವರ್ಕ್ ಸ್ಟೋರೇಜ್ ಬಾಕ್ಸ್ ಆರಿಸಿದಳು. ಕುರಿ ಸಾಕುವ ಅಪ್ಪ ಯರ್ರೆಪ್ಪನೂ ಅಂಗಡಿಗೆ ಜೊತೆಗೆ ಬಂದಿದ್ದ.

"ಎರಡರಾಗೂ ಅವೇ ವಿಡಿಯೊ ಇರ್ತಾವ್ರಿ. ಒಂದು ಸತ್ರೂ ಇನ್ನೊಂದು ಉಳೀತೈತಿ," ಎಂದು ಅಂಗಡಿಯವನು ಎರಡು ಡ್ರೈವ್ ಮುಂದಿಟ್ಟ.

ಯರ್ರೆಪ್ಪ ಅವುಗಳ ಮೇಲಿನ ತಾರೀಖು ನೋಡಿದ. "ಎರಡೂ ಒಂದೇ ದಿನ ಹುಟ್ಟ್ಯಾವ. ಒಂದೇ ಹಿಂಡಿನವು ಸತ್ರ ಕೂಡೇ ಸಾಯ್ತಾವ. ಇನ್ನೊಂದನ್ನ ಬ್ಯಾರೆ ಅಂಗಡ್ಯಾಗಿಂದ ತರ್ತೀನಿ."

ಅಂಗಡಿಯವನು ಒಂದು ಡ್ರೈವನ್ನು ವಾಪಸ್ ಒಳಗಿಟ್ಟ. ಮಾತು ಸರಿಯಾಗಿಯೇ ಇತ್ತು; ಒಟ್ಟಿಗೆ ತಯಾರಾದ ಡ್ರೈವ್‌ಗಳು ಒಟ್ಟಿಗೇ ಕೆಡುವುದುಂಟು.

ವಾರ ಕಳೆದರೂ ಬಾಕ್ಸಿನಲ್ಲಿ ಒಂದೇ ಡ್ರೈವ್ ಇತ್ತು.

"ಇನ್ನೊಂದು ತರ್ಲಿಲ್ಲೇನಪ್ಪಾ?" ಎಂದು ಶಿರೀಷಾ ಕೇಳಿದಳು.

"ಅವತ್ತೇ ತಂದೀನಿ. ಹಿತ್ತಲದಾಗ ಬ್ಯಾರೆ ಇಟ್ಟೀನಿ. ಹೊಸದನ್ನ ಹದಿನೈದು ದಿನ ಹಳೇದರ ಜೋಡಿ ಬಿಡಬಾರದು. ರೋಗ ಇದ್ರ ಹತ್ತತೈತಿ."