ಅಲರ್ಜಿ: ಇಲ್ಲ

ಮೂರನೇ ವಾರ್ಡಿನ ಹಿರಿಯ ನರ್ಸಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಕಾಗದದಕ್ಕ. ಕಂಪ್ಯೂಟರು ಕೈಕೊಟ್ಟರೆ ಬೇಕಾದೀತೆಂದು ಪ್ರತಿ ರೋಗಿಯ ವಿವರವನ್ನು ದಿನಾ ಬೆಳಿಗ್ಗೆ ಒಂದು ಹಾಳೆಗೆ ಇಳಿಸಿ ಮಂಚಕ್ಕೆ ಸಿಕ್ಕಿಸಿಡಬೇಕು, ಇದು ಆಸ್ಪತ್ರೆಯ ನಿಯಮ. ಉಳಿದ ವಾರ್ಡಿನವರು ಅದನ್ನು ಗಾಳಿಗೆ ತೂರಿದ್ದರು. ಈಕೆ ಮಾತ್ರ ಒಂದು ದಿನವೂ ತಪ್ಪಿಸಿದವಳಲ್ಲ.

ತಪ್ಪಿಸಲಿಲ್ಲ, ನಿಜ. ಆದರೆ ಇರುವುದು ಇಪ್ಪತ್ತೆರಡು ಮಂಚ, ಎರಡು ಕೈ. ಅಲರ್ಜಿಯ ವಿವರ ನೋಡಬೇಕಾದರೆ ಕಂಪ್ಯೂಟರಿನಲ್ಲಿ ಇನ್ನೂ ಮೂರು ಪುಟ ದಾಟಬೇಕು. ಅಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಹಾಗಾಗಿ ಆ ಜಾಗದಲ್ಲಿ ಎಲ್ಲರಿಗೂ ಸಾರಾಸಗಟಾಗಿ ‘ಇಲ್ಲ’ ಎಂದು ಗೀಚುತ್ತಿದ್ದಳು. ಈ ಹಾಳೆಯನ್ನು ಯಾರು ಓದುತ್ತಾರೆ ಎಂಬ ಧೈರ್ಯ ಅವಳದು.

ಅಂದು ಹತ್ತು ಗಂಟೆಗೆ ಎಲ್ಲ ಪರದೆಗಳೂ ಒಮ್ಮೆಲೇ ಕಪ್ಪಾದವು. ಯಾರೋ ಹೊರಗಿನಿಂದ ನುಗ್ಗಿ ಇಡೀ ಕಂಪ್ಯೂಟರ್ ವ್ಯವಸ್ಥೆಗೆ ಬೀಗ ಜಡಿದಿದ್ದಾರೆ, ಯಾವಾಗ ಸರಿಹೋದೀತೋ ಗೊತ್ತಿಲ್ಲ ಎಂದು ಸುದ್ದಿ ಬಂತು. ಬೇರೆ ವಾರ್ಡಿನವರು ತಲೆಯ ಮೇಲೆ ಕೈಹೊತ್ತು ಕೂತರು. ಅಧೀಕ್ಷಕರು ಮೂರನೇ ವಾರ್ಡಿಗೆ ಬಂದು ಹಾಳೆಗಳನ್ನು ನೋಡಿ, “ಇವರನ್ನ ನೋಡಿ ಕಲೀರಿ” ಎಂದು ಜೊತೆಯವರಿಗೆ ಹೇಳಿದರು. ಕಾಗದದಕ್ಕ ಉಬ್ಬಿಹೋದಳು.

ಆಗಲೇ ಡಾಕ್ಟರು ಆರನೇ ಮಂಚದ ಹಾಳೆ ಎತ್ತಿಕೊಂಡದ್ದು. ಅಲ್ಲಿದ್ದ ತಾತನಿಗೆ ಜ್ವರದ ತಾಪಕ್ಕೆ ಮೈಮೇಲೆ ಎಚ್ಚರವಿರಲಿಲ್ಲ.

“ಅಲರ್ಜಿ ಏನೂ ಇಲ್ಲ. ಸರಿ, ಪೆನ್ಸಿಲಿನ್ ಕೊಡಿ.”

ಕಿರಿಯ ನರ್ಸ್ ಸಿರಿಂಜು ತುಂಬಿಸಿದಳು. ಹೆಚ್ಚಿನವರಿಗೆ ಒಗ್ಗುತ್ತದೆ, ತಾತನಿಗೂ ಒಗ್ಗೀತು ಎಂದು ಕಾಗದದಕ್ಕ ತನಗೆ ತಾನೇ ಹೇಳಿಕೊಂಡಳು. ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಸೂಜಿ ತಾತನ ತೋಳಿನ ಹತ್ತಿರ ಬಂತು. ಅವಳಿಗೆ ಭಯವಾಯಿತು.

“ಕೊಡಬೇಡ, ನಿಲ್ಲು,” ಎಂದಳು. “ಸರ್, ಅಲರ್ಜಿ ನಾನು ನೋಡಿ ಬರೆದಿದ್ದಲ್ಲ. ಯಾವ ಹಾಳೇಲೂ ನೋಡಿ ಬರೆದಿಲ್ಲ.”

ಅಧೀಕ್ಷಕರು ಇನ್ನೂ ಅಲ್ಲೇ ಇದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾತನ ಮಗಳನ್ನು ಕರೆಸಿ ಕೇಳಿದರು.

“ಪೆನ್ಸಿಲಿನ್ ಕೊಟ್ರೆ ಅಪ್ಪನಿಗೆ ಉಸಿರೇ ಕಟ್ಟುತ್ತೆ,” ಎಂದ ಮಗಳು ಕಾಗದದಕ್ಕನ ಕಡೆ ತಿರುಗಿದಳು. “ಅಡ್ಮಿಟ್ ಆದ ದಿನ ನಿಮಗೇ ಹೇಳಿದ್ದೆನಲ್ಲ ಸಿಸ್ಟರ್. ನೀವೇ ಟೈಪ್ ಮಾಡ್ಕೊಂಡ್ರಿ.”

ನಿಜವಿರಬೇಕು. ಅವಳಿಗೆ ನೆನಪೇ ಇರಲಿಲ್ಲ. ನೆನಪಿಡುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟು ಎಷ್ಟೋ ಕಾಲವಾಗಿತ್ತು.

ಡಾಕ್ಟರು ಬೇರೆ ಔಷಧಿ ಬರೆದರು. ಅವಳು ಹಾಳೆಗಳನ್ನೆಲ್ಲ ಬಾಚಿಕೊಂಡು ಒಂದನೇ ಮಂಚದ ಪಕ್ಕ ಸ್ಟೂಲು ಎಳೆದು ಕೂತಳು.

“ಅಜ್ಜಿ, ನಿಮಗೆ ಯಾವ ಔಷಧಿ ಆಗಲ್ಲ?”

“ಬಂದ ದಿನಾನೇ ಹೇಳಿದ್ನಲ್ಲಮ್ಮ, ನಿಂಗೇ.”

“ತಪ್ಪಾಯ್ತು ಅಜ್ಜಿ,” ಎಂದಳು. “ಇನ್ನೊಂದ್ಸಲ ಹೇಳಿ.”